ರೀಕಾಲ್ ಪಟ್ಟಿಯಲ್ಲಿ ಇರೋದು ನಮ್ಮ ಮನೆಯ ಕಪ್ಪೆನಾ?

ನಿದ್ದೆಗೆಟ್ಟಮ್ಮ
ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದೋದು ಜಾಸ್ತಿ, ಬರೆಯೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಿಕ್ಕವನನ್ನು ಮಲಗಿಸಿ ಸುಮ್ನೆ ಫೋನ್ ನೋಡುತ್ತಾ ಕೂತಿದ್ದೆ. ಆಟಿಕೆಗಳ ರೀಕಾಲ್ ಪಟ್ಟಿಯೊಂದು ಕಣ್ಣಿಗೆ ಬಿತ್ತು, ಅಪಾಯ ಇದೆ ಅಂತ ವಾಪಸ್ ಕರೆದ ಆಟಿಕೆಗಳ ಪಟ್ಟಿ. ಅದರಲ್ಲಿ ಒಂದು ತಗಡಿನ ಕಪ್ಪೆ. ಕೀ ಕೊಟ್ಟು ಬಿಟ್ಟರೆ ಟಕ್ ಟಕ್ ಅಂತ ಕುಪ್ಪಳಿಸುತ್ತದಲ್ಲ, ಅದು. ಬಣ್ಣದಲ್ಲಿ ಸೀಸ ಮಿತಿ ಮೀರಿದೆ, ಕೂಡಲೇ ಮಕ್ಕಳ ಕೈಯಿಂದ ತೆಗೆಯಿರಿ ಅಂತ ಬರೆದಿತ್ತು. ಎದೆ ಧಸಕ್ಕೆಂದಿತು. ಎದ್ದು ಹೋಗಿ ಆಟಿಕೆ ಬುಟ್ಟಿ ಕೆದಕಿದೆ. ನಮ್ಮಲ್ಲೂ ಒಂದು ಇದೆ. ಹಸಿರು ಮೈ, ಕೆಂಪು ಬಾಯಿ, ಬೆನ್ನ ಮೇಲೆ ಮೂರು ಹಳದಿ ಚುಕ್ಕೆ.

ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ತರಿಸಿದ ಚೀಲದಲ್ಲಿ ಬಂದದ್ದು. ಕಪ್ಪೆ, ಬುಗುರಿ, ಪೀಪಿ, ಹೊಳೆಯೋ ಉಂಗುರ, ಹೀಗೆ ಇಪ್ಪತ್ತು ಚಿಲ್ಲರೆ ಸಾಮಾನು. ದೊಡ್ಡವಳಿಗೆ ಆರು ವರ್ಷ, ಅವಳು ಬಾಯಿಗೆ ಹಾಕಲ್ಲ. ಚಿಕ್ಕವನಿಗೆ ಒಂದೂವರೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಟಾರ್ಚ್ ಹಾಕಿ ನೋಡಿದೆ. ಒಂದು ಹಳದಿ ಚುಕ್ಕೆ ಅರ್ಧಕ್ಕರ್ಧ ಇಲ್ಲ. ಪಕ್ಕದಲ್ಲಿ ಹಲ್ಲು ಎಳೆದ ಎರಡು ಗೆರೆ, ಒಳಗಿನ ತಗಡು ಕಾಣುತ್ತಿದೆ.

ಪಟ್ಟಿಯಲ್ಲಿರೋದು ಇದೇ ಕಪ್ಪೆನಾ ಅಂತ ಹೇಗೆ ತಿಳಿಯೋದು? ಹೆಸರಿಲ್ಲ, ನಂಬರಿಲ್ಲ. ಚೀಲ ಯಾವತ್ತೋ ಎಸೆದಾಯಿತು. ಮನೆಯಲ್ಲೇ ಪರೀಕ್ಷೆ ಮಾಡಬಹುದಾ? ಡಾಕ್ಟರ ಹತ್ತಿರ ಓಡಬೇಕಾ? ನಿದ್ದೆ ಬರುತ್ತಿಲ್ಲ.

ಸುಮ್ನೆಓದೋನು
ಸೋಮವಾರ, ರಾತ್ರಿ 11:58

ಮೇಡಂ, ಇಷ್ಟು ಗಾಬರಿ ಬೇಡ. ನಾವೆಲ್ಲ ತಗಡಿನ ಆಟಿಕೆ ಕಚ್ಚಿಕೊಂಡೇ ಬೆಳೆದವರು. ಏನಾಯಿತು? ನೆಟ್ಟಗೇ ಇದ್ದೇವೆ. ಈಗ ಎಲ್ಲದಕ್ಕೂ ಒಂದು ಎಚ್ಚರಿಕೆ, ಒಂದು ಪಟ್ಟಿ. ಮಲಗಿ.

ರಂಗುಡಬ್ಬಿ
ಮಂಗಳವಾರ, ಬೆಳಿಗ್ಗೆ 6:15

ಅಕ್ಕ, ಬಣ್ಣ ಪರೀಕ್ಷಿಸುವ ಲ್ಯಾಬಿನಲ್ಲಿ 11 ವರ್ಷ ಕೆಲಸ ಮಾಡಿದ್ದೇನೆ. ಅದೇ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಪ್ಪೆಯನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೆ ಎತ್ತಿಡಿ. ಎಸೆಯಬೇಡಿ, ಮುಂದೆ ಬೇಕಾಗುತ್ತದೆ. ಅದರ ಜೊತೆ ಬಂದ ಉಳಿದ ಸಾಮಾನನ್ನೂ ಹಾಗೇ ಮಾಡಿ. ಉಗುರಲ್ಲಿ, ಚಾಕುವಲ್ಲಿ ಕೆರೆದು ನೋಡೋಕೆ ಹೋಗಬೇಡಿ. ಕೆರೆದರೆ ಪುಡಿ ಏಳುತ್ತದೆ, ಆ ಪುಡಿಯೇ ಕೆಟ್ಟದ್ದು. ಬುಟ್ಟಿಯ ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಆಡಿಸಬೇಡಿ. ಬಿಸಿನೀರಲ್ಲಿ ಕುದಿಸಿದರೆ ಸೀಸ ಹೋಗುತ್ತದಾ ಅಂತ ಎಷ್ಟೋ ಜನ ಕೇಳಿದ್ದಾರೆ. ಹೋಗಲ್ಲ.

ಹಳದಿ ಚುಕ್ಕೆ ಅಂದಿರಿ ನೋಡಿ, ನನ್ನ ಕಿವಿ ನೆಟ್ಟಗಾದದ್ದು ಅಲ್ಲೇ. ಹಳದಿ, ಕಿತ್ತಳೆ, ಗಾಢ ಕೆಂಪು. ಇವು ಮೂರರ ಮೇಲೆ ನಮಗೆ ಯಾವಾಗಲೂ ಒಂದು ಕಣ್ಣು. ಲೆಡ್ ಕ್ರೋಮೇಟ್ ಅಂತ ಒಂದು ಹಳದಿ ಪುಡಿ ಬರುತ್ತದೆ. ಕಣ್ಣು ಕುಕ್ಕುವ ಬಣ್ಣ. ಒಂದೇ ಕೋಟ್ ಹೊಡೆದರೆ ತಳದ ತಗಡು ಮುಚ್ಚಿಹೋಗುತ್ತದೆ. ಬಿಸಿಲಿಗೆ ಬಾಡಲ್ಲ. ಇಷ್ಟೆಲ್ಲ ಗುಣ ಇದ್ದೂ ಅಗ್ಗ. ಸೀಸ ಇಲ್ಲದ ಹಳದಿಯೂ ಸಿಗುತ್ತದೆ. ಅಷ್ಟೇ ಮುಚ್ಚೋಕೆ ಎರಡು ಕೋಟ್ ಬೇಕು, ಇಲ್ಲವೇ ದುಬಾರಿ ಪುಡಿ ಬೇಕು. ಸಾವಿರಗಟ್ಟಲೆ ಕಪ್ಪೆ ಮಾಡುವವನಿಗೆ ಒಂದು ಕೋಟಿನ ಉಳಿತಾಯ ಸಣ್ಣದಲ್ಲ.

ಲೆಕ್ಕ ಹೀಗಿದೆ. ಅಮೆರಿಕದಲ್ಲಿ ಆಟಿಕೆ ಬಣ್ಣಕ್ಕೆ 1978ರಿಂದ 600 ಪಿಪಿಎಂ ಮಿತಿ ಇತ್ತು. 2009ರ ಆಗಸ್ಟಿನಿಂದ 90 ಆಯಿತು. ಅಂದರೆ ಒಂದು ಕಿಲೋ ಒಣಗಿದ ಬಣ್ಣದಲ್ಲಿ 90 ಮಿಲಿಗ್ರಾಂ ಸೀಸ. ಮಗು 10 ಮಿಲಿಗ್ರಾಂ ಬಣ್ಣ ನುಂಗಿತು ಅಂದುಕೊಳ್ಳಿ, ಮೂರು ನಾಲ್ಕು ಎಳ್ಳುಕಾಳಿನ ತೂಕ. ಬಣ್ಣ 90 ಪಿಪಿಎಂ ಇದ್ದರೆ ಹೊಟ್ಟೆಗೆ ಹೋಗೋದು 1 ಮೈಕ್ರೋಗ್ರಾಮಿಗೂ ಕಡಿಮೆ. ಅದೇ ಬಣ್ಣದಲ್ಲಿ 1% ಸೀಸ ಇದ್ದರೆ 100 ಮೈಕ್ರೋಗ್ರಾಂ. ನೋಡೋಕೆ ಎರಡೂ ಅದೇ ಹಳದಿ ಚೂರು.

@ಸುಮ್ನೆಓದೋನು, ನೆಟ್ಟಗೇ ಇದ್ದೇವೆ ಅಂತ ಹೇಗೆ ಗೊತ್ತು ಸರ್? ಸಣ್ಣ ಪ್ರಮಾಣದ ಸೀಸ ಮುಖ ತೋರಿಸಲ್ಲ. ಜ್ವರ ಬರಲ್ಲ, ಗುಳ್ಳೆ ಏಳಲ್ಲ. ಕಲಿಕೆ, ಗಮನ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಏನು ಕಳೆದುಕೊಂಡಿರಿ ಅಂತ ಅಳೆಯೋಕೆ ಸೀಸ ತಿನ್ನದ ಇನ್ನೊಬ್ಬ ನೀವು ಪಕ್ಕದಲ್ಲಿ ನಿಂತಿಲ್ಲವಲ್ಲ.

ಸುಮ್ನೆಓದೋನು
ಮಂಗಳವಾರ, ಬೆಳಿಗ್ಗೆ 8:02

ಹ್ಹ. ಇದು ಸರಿಯಾಗಿ ಕೊಟ್ಟಿರಿ. ನನ್ನ ಹೆಂಡತಿಗೆ ಓದಿ ಹೇಳಿದೆ, ಅವಳು ತುಂಬಾ ಹೊತ್ತು ನಕ್ಕಳು.

ಆದರೂ ಒಂದು ಮಾತು. ಇಷ್ಟು ಸಣ್ಣ ಆಟಿಕೆಯಿಂದ ಯಾರಾದರೂ ಸತ್ತದ್ದುಂಟಾ? ರೀಕಾಲ್ ಅನ್ನೋದು ಕಂಪನಿಗಳು ಕೋರ್ಟಿಗೆ ಹೆದರಿ ಆಡುವ ನಾಟಕ ಅಂತಲೇ ನನ್ನ ಅನಿಸಿಕೆ.

ಎರಡುಮಕ್ಕಳಪ್ಪ
ಮಂಗಳವಾರ, ಬೆಳಿಗ್ಗೆ 9:30

ಉಂಟು. 2006ರ ಫೆಬ್ರವರಿ, ಅಮೆರಿಕದ ಮಿನಿಯಾಪೊಲಿಸ್. ನಾಲ್ಕು ವರ್ಷದ ಹುಡುಗ. ರೀಬಾಕ್ ಶೂ ಜೊತೆ ಪುಕ್ಕಟೆ ಕೊಟ್ಟ ಕೈಸರದಿಂದ ಒಂದು ಪುಟ್ಟ ಹೃದಯದ ಬಿಲ್ಲೆ ನುಂಗಿದ್ದ. ವಾಂತಿ ಶುರುವಾದಾಗ ಮೊದಲು ಸಾಮಾನ್ಯ ಹೊಟ್ಟೆ ಸೋಂಕು ಅಂದುಕೊಂಡರು. ಮಿದುಳು ಊದಿಕೊಂಡು ಮಗು ಹೋಯಿತು. ರಕ್ತದಲ್ಲಿ ಡೆಸಿಲೀಟರಿಗೆ 180 ಮೈಕ್ರೋಗ್ರಾಂ ಸೀಸ. ಬಿಲ್ಲೆಯನ್ನು ಪರೀಕ್ಷಿಸಿದರೆ ಅದು 99.1% ಸೀಸ. ಲೇಪ ಅಲ್ಲ, ಇಡೀ ಬಿಲ್ಲೆಯೇ ಸೀಸ. ಅದಾದ ಮೇಲೆ 3 ಲಕ್ಷ ಕೈಸರ ವಾಪಸ್ ಕರೆದರು. ಕಂಪನಿಗೆ 2008ರಲ್ಲಿ 10 ಲಕ್ಷ ಡಾಲರ್ ದಂಡ ಬಿತ್ತು.

ಅದಕ್ಕೆ ಮೂರು ವರ್ಷ ಮೊದಲೇ ಆರೆಗಾನ್‌ನಲ್ಲಿ ಇನ್ನೊಂದು ನಾಲ್ಕು ವರ್ಷದ ಮಗು ನಾಣ್ಯ ಹಾಕಿದರೆ ಸಾಮಾನು ಬೀಳುವ ಯಂತ್ರದಿಂದ ಬಂದ ಪದಕ ನುಂಗಿತ್ತು. ಆ ಮಗು ಉಳಿಯಿತು. ರಕ್ತದಲ್ಲಿ 123 ಇತ್ತು. 2004ರ ಜುಲೈನಲ್ಲಿ ಅಂಥ ಯಂತ್ರದ ಒಡವೆಗಳನ್ನು 15 ಕೋಟಿ ಲೆಕ್ಕದಲ್ಲಿ ರೀಕಾಲ್ ಮಾಡಿದರು. ಎಲ್ಲದರಲ್ಲೂ ಸೀಸ ಇರಲಿಲ್ಲ. ಆದರೆ ಯಾವುದರಲ್ಲಿದೆ ಅಂತ ನೋಡಿ ಹೇಳೋಕೆ ಆಗಲ್ಲವಲ್ಲ, ಎಲ್ಲ ಎಸೆಯಿರಿ ಅಂದರು.

ಅಷ್ಟು ದೊಡ್ಡ ರೀಕಾಲ್ ಆಗಿ ಎರಡು ವರ್ಷ ಕಳೆಯುವುದರೊಳಗೆ ಮಿನಿಯಾಪೊಲಿಸ್ ಆಯಿತು. ನಾಟಕ ಅಂದಿರಿ. ನಾಟಕಕ್ಕೆ ಬಂದ ಪ್ರೇಕ್ಷಕರೇ ಕಡಿಮೆ ಅನ್ನೋದು ನನ್ನ ದೂರು.

ಅಕ್ಕ, ನಿಮ್ಮದು ಬಿಲ್ಲೆ ನುಂಗಿದ ಕೇಸ್ ಅಲ್ಲ, ಬಣ್ಣ ಕಚ್ಚಿದ ಕೇಸ್. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಆದರೆ ಆ ಚೀಲದ ಹೊಳೆಯೋ ಉಂಗುರವನ್ನು ಇವತ್ತೇ ಹುಡುಕಿ ತೆಗೆದಿಡಿ. ಅಗ್ಗದ ಲೋಹದ ಉಂಗುರ ಕೈಯಲ್ಲಿ ಭಾರ ಅನಿಸಿದರೆ ನನಗೆ ಕಪ್ಪೆಗಿಂತ ಅದರದ್ದೇ ಭಯ.

ನಿದ್ದೆಗೆಟ್ಟಮ್ಮ
ಮಂಗಳವಾರ, ಮಧ್ಯಾಹ್ನ 1:20

ಉಂಗುರ ಸಿಕ್ಕಿತು, ಸೋಫಾ ಸಂದಿಯಲ್ಲಿ. ಚೀಲಕ್ಕೆ ಹಾಕಿದೆ. ಭಾರ ಇಲ್ಲ, ಪ್ಲಾಸ್ಟಿಕ್ಕಿಗೆ ಬಣ್ಣ ಬಳಿದದ್ದು.

ಒರೆಸಿದರೆ ಬಣ್ಣ ಬದಲಾಗುವ ಕಡ್ಡಿ ಸಿಗುತ್ತದಂತೆ, ಮನೆಯಲ್ಲೇ ನೋಡಬಹುದಂತೆ. ತರಿಸಲಾ? ರಕ್ತ ಪರೀಕ್ಷೆ ಅಂದರೆ ಚಿಕ್ಕವನಿಗೆ ಸೂಜಿ. ಅದನ್ನು ನೆನೆಸಿಕೊಂಡರೆ ನನಗೇ ಅಳು ಬರುತ್ತದೆ.

ರಂಗುಡಬ್ಬಿ
ಮಂಗಳವಾರ, ಮಧ್ಯಾಹ್ನ 2:05

ಕಡ್ಡಿಗೆ ದುಡ್ಡು ಹಾಕಬೇಡಿ. ಅಮೆರಿಕದಲ್ಲಿ ಸಿಪಿಎಸ್‌ಸಿ ಅಂತ ಆಯೋಗ ಇದೆ, ಜನ ಬಳಸುವ ವಸ್ತುಗಳ ಸುರಕ್ಷತೆ ನೋಡೋದು ಅದರ ಕೆಲಸ. 2007ರಲ್ಲಿ ಅವರು ಇಂಥ ಕಡ್ಡಿಗಳನ್ನೇ ಪರೀಕ್ಷೆಗೆ ಹಾಕಿದರು. 104 ಫಲಿತಾಂಶದಲ್ಲಿ 56 ಸುಳ್ಳು ಸಮಾಧಾನ. ಸೀಸ ಇದ್ದರೂ ಇಲ್ಲ ಅಂದವು. ಇನ್ನೆರಡು ಇಲ್ಲದಿದ್ದರೂ ಇದೆ ಅಂದವು. ಆಯೋಗ ಆಗಲೇ ಇದನ್ನು ನಂಬಬೇಡಿ ಅಂತ ಹೇಳಿತು.

ಕಾರಣ ಸರಳ. ಕಡ್ಡಿಗೆ ಮೇಲಿನ ಪದರ ಮಾತ್ರ ಕಾಣುತ್ತದೆ. ಆಟಿಕೆಯ ಮೇಲೆ ಒಂದು ತೆಳು ವಾರ್ನಿಷ್ ಇದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಮಗುವಿನ ಹಲ್ಲು ನಿಲ್ಲಲ್ಲ. ಇನ್ನು ಕೆಲವು ಕಡ್ಡಿಯಲ್ಲಿ ಸೀಸಕ್ಕೆ ಬರುವ ಬಣ್ಣ ಗುಲಾಬಿ. ಕೆಂಪು ಆಟಿಕೆ ಒರೆಸಿದರೆ ಆಟಿಕೆಯ ಬಣ್ಣವೇ ಹತ್ತಿತಾ, ಸೀಸ ಸಿಕ್ಕಿತಾ, ದೇವರೇ ಬಲ್ಲ.

ಸರಿಯಾದ ದಾರಿ ಎರಡು. ಒಂದು ಎಕ್ಸ್‌ಆರ್‌ಎಫ್, ಹೇರ್ ಡ್ರೈಯರ್ ಥರ ಇರುವ ಯಂತ್ರ. ಆಟಿಕೆಗೆ ಹಿಡಿದು ಗುಂಡಿ ಒತ್ತಿದರೆ ಯಾವ ಲೋಹ ಎಷ್ಟು ಅಂತ ಅಂದಾಜು ಕೊಡುತ್ತದೆ. ಕೆರೆಯೋದು ಬೇಡ. ಅನುಮಾನ ಬಂದರೆ ಲ್ಯಾಬಿನಲ್ಲೇ ಬಣ್ಣ ಕೆರೆದು ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ. ಕೊನೆಯ ಮಾತು ಅದರದ್ದೇ.

ಯುರೋಪಿನವರ ಪರೀಕ್ಷೆ ನನಗೆ ಇನ್ನೂ ಇಷ್ಟ. ಬಣ್ಣದಲ್ಲಿ ಒಟ್ಟು ಎಷ್ಟಿದೆ ಅಂತ ಅವರು ಕೇಳಲ್ಲ, ಹೊಟ್ಟೆಯಲ್ಲಿ ಎಷ್ಟು ಬಿಡುತ್ತದೆ ಅಂತ ಕೇಳುತ್ತಾರೆ. ಬಣ್ಣ ಕೆರೆದು, ಹೊಟ್ಟೆಯ ಹುಳಿಯಂಥ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 37 ಡಿಗ್ರಿಯಲ್ಲಿ, ಒಂದು ಗಂಟೆ ಅಲುಗಾಡಿಸಿ ಒಂದು ಗಂಟೆ ಸುಮ್ನೆ ಬಿಡೋದು. ಒಂಥರಾ ಗಾಜಿನ ಲೋಟದೊಳಗೆ ಮಗುವಿನ ಹೊಟ್ಟೆ. ಕೆರೆದ ಬಣ್ಣಕ್ಕೆ ಮೊದಲು ಕಿಲೋಗೆ 160 ಮಿಲಿಗ್ರಾಂ ತನಕ ಬಿಡುತ್ತಿದ್ದರು, 2018ರ ಅಕ್ಟೋಬರಿನಿಂದ 23ಕ್ಕೆ ಇಳಿಸಿದರು. ಮೊದಲ ದಿನ ಆ ಲೋಟ ನೋಡಿದಾಗ ನನಗೆ ಊಟ ಸೇರಲಿಲ್ಲ.

ಎರಡುಮಕ್ಕಳಪ್ಪ
ಮಂಗಳವಾರ, ಸಂಜೆ 6:45

ರಕ್ತ ಪರೀಕ್ಷೆ ಬಗ್ಗೆ ನಾನು ಅನುಭವಿಸಿದ್ದು ಹೇಳುತ್ತೇನೆ. ನನ್ನ ಮಗಳಿಗೆ ಎರಡು ವರ್ಷ ಇದ್ದಾಗ ಮಾಡಿಸಿದ್ದೆವು. ಮೊದಲು ಬೆರಳಿಗೆ ಚುಚ್ಚಿ ಒಂದು ಹನಿ ತೆಗೆದರು. ಡೆಸಿಲೀಟರಿಗೆ 9 ಮೈಕ್ರೋಗ್ರಾಂ ಅಂತ ಬಂತು. ನನ್ನ ಹೆಂಡತಿ ಅಲ್ಲೇ ಕುಸಿದು ಕೂತಳು. ಆಮೇಲೆ ಕೈಯ ನರದಿಂದ ತೆಗೆದು ನೋಡಿದರೆ 3. ಬೆರಳ ತುದಿಗೆ ಹತ್ತಿದ್ದ ಧೂಳು ಹನಿಗೆ ಸೇರಿದ್ದಿರಬೇಕು ಅಂದರು. ಹಾಗಾಗಿ ಬೆರಳ ಹನಿಯಲ್ಲಿ ಜಾಸ್ತಿ ಬಂದರೆ ನರದ ರಕ್ತದಲ್ಲಿ ಮತ್ತೆ ನೋಡಿಸದೆ ನಂಬಬೇಡಿ. ಕೈ ಸೋಪಿನಲ್ಲಿ ತೊಳೆಸಿಯೇ ಕರೆದುಕೊಂಡು ಹೋಗಿ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1991ರಲ್ಲಿ 10 ದಾಟಿದರೆ ಚಿಂತೆ ಅಂದಿತ್ತು. 2012ರಲ್ಲಿ 5 ಅಂದಿತು. 2021ರಲ್ಲಿ 3.5ಕ್ಕೆ ಇಳಿಸಿತು. ಇದು ಸುರಕ್ಷಿತ ಅನ್ನುವ ಗೆರೆ ಅಲ್ಲ, ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿ ಅನ್ನುವ ಗೆರೆ. ಸುರಕ್ಷಿತ ಮಟ್ಟ ಅಂತ ಒಂದು ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಮಟ್ಟ ಸ್ವಲ್ಪ ಜಾಸ್ತಿ ಇದ್ದರೆ ಔಷಧಿ ಇಲ್ಲ, ಸೀಸ ಇರುವ ವಸ್ತು ತೆಗೆಯೋದೇ ಚಿಕಿತ್ಸೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿ ಸಾಮಾನ್ಯವಾಗಿ 45 ದಾಟಿದ ಮೇಲೆ. ಇನ್ನೊಂದು, ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇರುವ ಮಗುವಿನ ಮೈ ಸೀಸವನ್ನು ಜಾಸ್ತಿ ಹೀರುತ್ತದೆ. ನಮ್ಮ ಮಗಳಿಗೆ ಆಗಿದ್ದು ಇದೇ, ರಕ್ತಹೀನತೆಯೂ ಇತ್ತು. ಮೊದಲು ತೋರಿಸಿದ ಕಡೆ ಸೀಸದ ಪರೀಕ್ಷೆ ಅಂದರೆ ನಕ್ಕು ಕಳಿಸಿದ್ದರು. ನೀವು ಕಪ್ಪೆಯ ಫೋಟೋ ತೋರಿಸಿ ಕೇಳಿ. ಫೋಟೋ ಇದ್ದರೆ ಕೇಳಿಸಿಕೊಳ್ಳುತ್ತಾರೆ.

ಹಳೇಪೆಟ್ಟಿಗೆ
ಮಂಗಳವಾರ, ರಾತ್ರಿ 9:10

ಹಳೇ ಆಟಿಕೆ ಸಂಗ್ರಹ ನನ್ನ ಹುಚ್ಚು. ಗಾಜಿನ ಬೀರು, ಬೀಗ, ಮೊಮ್ಮಕ್ಕಳಿಗೆ ಪ್ರವೇಶ ಇಲ್ಲ. ಹಳೇ ಸೀಸದ ಸಿಪಾಯಿಗಳೂ ಇದ್ದಾರೆ, ಗೊತ್ತಿದ್ದೇ ಇಟ್ಟಿದ್ದೇನೆ.

ಅಗ್ಗದ್ದು ಕೆಟ್ಟದ್ದು, ಬ್ರಾಂಡಿನದ್ದು ಒಳ್ಳೆಯದು ಅನ್ನುವವರಿಗೆ 2007 ನೆನಪಿಸಬೇಕು. ಬಣ್ಣದಲ್ಲಿ ಸೀಸ ಅಂತ ದೊಡ್ಡ ಬ್ರಾಂಡಿನವರೇ ಸಾಲಾಗಿ ವಾಪಸ್ ಕರೆದ ವರ್ಷ. ಜೂನ್‌ನಲ್ಲಿ ಥಾಮಸ್ ರೈಲಿನ ಮರದ ಆಟಿಕೆ, ಸುಮಾರು 15 ಲಕ್ಷ. ಕೆಂಪು ಇಂಜಿನ್ ಜೇಮ್ಸ್ ಆ ಪಟ್ಟಿಯಲ್ಲಿದ್ದ. ಆಗಸ್ಟ್ 2ಕ್ಕೆ ಫಿಶರ್ ಪ್ರೈಸ್, ಅಮೆರಿಕದಲ್ಲೇ 9.67 ಲಕ್ಷ. ಆಗಸ್ಟ್ 14ಕ್ಕೆ ದೊಡ್ಡ ಆಟಿಕೆ ಕಂಪನಿ ಮ್ಯಾಟೆಲ್‌ನ ಸಾರ್ಜ್ ಅನ್ನುವ ಪುಟ್ಟ ಜೀಪು, 2.53 ಲಕ್ಷ. ಸೆಪ್ಟೆಂಬರಿನಲ್ಲಿ ಬಾರ್ಬಿಯ ಮೇಜು ಕುರ್ಚಿ. ಮ್ಯಾಟೆಲ್ ಮತ್ತು ಫಿಶರ್ ಪ್ರೈಸಿಗೆ ಸೇರಿ 2009ರಲ್ಲಿ 23 ಲಕ್ಷ ಡಾಲರ್ ದಂಡ.

ಸಾರ್ಜ್ ಜೀಪಿನ ಕಥೆ ಕೇಳಿ. ಮ್ಯಾಟೆಲ್ ಕೆಲಸ ಕೊಟ್ಟದ್ದು ಒಬ್ಬರಿಗೆ. ಅವರು ಬಣ್ಣ ಬಳಿಯೋ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಕೊಟ್ಟರು. ಆ ಇನ್ನೊಬ್ಬರು ಒಪ್ಪಿಗೆ ಇಲ್ಲದ ಕಡೆಯಿಂದ ಬಣ್ಣ ತಂದರು. ಮೂರು ಕೈ ದಾಟುವಷ್ಟರಲ್ಲಿ ಡಬ್ಬಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ.

ನನಗೆ ಈಗಲೂ ನಗು ಬರೋದು ರೈಲಿನವರದ್ದು. ಆಟಿಕೆ ವಾಪಸ್ ಕಳಿಸಿದವರಿಗೆ ತಪ್ಪೊಪ್ಪಿಗೆ ಅಂತ ಒಂದು ಪುಕ್ಕಟೆ ಬೋಗಿ ಕಳಿಸಿದರು. ಆಮೇಲೆ ನೋಡಿದರೆ ಆ ಉಡುಗೊರೆ ಬೋಗಿಗಳಲ್ಲೂ ಕೆಲವಕ್ಕೆ ಸೀಸದ ಬಣ್ಣ! ಅದಕ್ಕೂ ರೀಕಾಲ್. ಅವರ ಹಣೆಬರಹ.

ಒಂದು ತಿದ್ದುಪಡಿ ಮೊದಲೇ ಹಾಕಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಹಿಡಿಯುತ್ತಾರೆ. ಆ ವರ್ಷ ಮ್ಯಾಟೆಲ್ 1.8 ಕೋಟಿಗೂ ಹೆಚ್ಚು ಆಟಿಕೆ ವಾಪಸ್ ಕರೆದದ್ದು ಬಣ್ಣಕ್ಕಲ್ಲ, ಸಣ್ಣ ಅಯಸ್ಕಾಂತ ಕಳಚಿ ಬೀಳುತ್ತವೆ ಅಂತ. ಎರಡು ನುಂಗಿದರೆ ಕರುಳಿನೊಳಗೆ ಒಂದನ್ನೊಂದು ಹಿಡಿದುಕೊಂಡು ತೂತು ಮಾಡುತ್ತವೆ. ಅದು ವಿನ್ಯಾಸದ ತಪ್ಪು, ಕಾರ್ಖಾನೆಯದ್ದಲ್ಲ. ಅದನ್ನೂ ಆಟಿಕೆ ಮಾಡಿಕೊಟ್ಟ ಚೀನಾದ ತಲೆಗೇ ಕಟ್ಟಿದ್ದಕ್ಕೆ ಕಂಪನಿಯವರು ಸೆಪ್ಟೆಂಬರಿನಲ್ಲಿ ಬೀಜಿಂಗಿಗೆ ಹೋಗಿ ಕ್ಷಮೆ ಕೇಳಿದರು.

ಉಳಿಬಾಚಿ
ಬುಧವಾರ, ಬೆಳಿಗ್ಗೆ 7:25

ಆ 2007ರ ಪೆಟ್ಟು ಬಿದ್ದದ್ದು ಯಾರಿಗೆ ಗೊತ್ತಾ? ನನ್ನಂಥವರಿಗೆ. ಮರದ ಆಟಿಕೆ ಮಾಡುತ್ತೇನೆ. ನಾನು, ತಮ್ಮ, ಒಂದು ಕಡಸಲು ಯಂತ್ರ.

ಅಮೆರಿಕದಲ್ಲಿ 2008ರ ಆಗಸ್ಟಿನಲ್ಲಿ ಹೊಸ ಕಾಯ್ದೆ ಬಂತು. ಮಕ್ಕಳ ವಸ್ತು ಎಲ್ಲದಕ್ಕೂ ಹೊರಗಿನ ಲ್ಯಾಬಿನ ಪರೀಕ್ಷೆ ಬೇಕು ಅಂದಿತು. ಲಕ್ಷಗಟ್ಟಲೆ ಮಾಡುವವನಿಗೆ ಅದು ಚಿಲ್ಲರೆ ಖರ್ಚು. ಐವತ್ತು ಬುಗುರಿ ಮಾಡುವವನು ಐವತ್ತನ್ನೂ ಮಾರಿದರೂ ಲ್ಯಾಬಿನ ಬಿಲ್ ಕಟ್ಟೋಕೆ ಆಗಲ್ಲ. ಅಲ್ಲಿನ ಸಣ್ಣ ತಯಾರಕರು ದೊಡ್ಡ ಗಲಾಟೆ ಮಾಡಿದರು. ತಮಾಷೆ ಅಂದರೆ, ತಪ್ಪು ಮಾಡಿದ ಮ್ಯಾಟೆಲ್‌ಗೆ ತನ್ನದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಕೊಳ್ಳೋಕೆ ಒಪ್ಪಿಗೆ ಸಿಕ್ಕಿತು. 1985ಕ್ಕೆ ಮುಂಚಿನ ಮಕ್ಕಳ ಪುಸ್ತಕಗಳ ಶಾಯಿಯಲ್ಲೂ ಸೀಸ ಇರಬಹುದು ಅಂತ ಹಳೇ ಪುಸ್ತಕದ ಅಂಗಡಿಯವರು ಗಂಟು ಕಟ್ಟಿ ಒಳಗಿಟ್ಟರು. 2011ರಲ್ಲಿ ತಿದ್ದುಪಡಿ ಬಂದು, ವರ್ಷಕ್ಕೆ ಒಂದು ಥರದ್ದು 7,500ಕ್ಕಿಂತ ಜಾಸ್ತಿ ಮಾಡದ ಸಣ್ಣವರಿಗೆ ಸ್ವಲ್ಪ ಉಸಿರು ಸಿಕ್ಕಿತು. ಸೀಸದ ಬಣ್ಣದ ಪರೀಕ್ಷೆಗೆ ಮಾತ್ರ ವಿನಾಯಿತಿ ಇಲ್ಲ. ಅದು ಸರಿ ಅಂತ ಈಗ ನನಗೂ ಅನಿಸುತ್ತದೆ.

ಈಗ ಅಂದದ್ದು ಯಾಕೆ ಅಂದರೆ, ನನಗೂ ಒಮ್ಮೆ ಆಗಿದೆ. ಮೂರು ವರ್ಷದ ಹಿಂದೆ ಒಂದು ಕೆಂಪು ಬಣ್ಣದ ಡಬ್ಬಿ ತಂದೆ. ಡಬ್ಬಿಯ ಮೇಲೆ ಸೀಸರಹಿತ ಅಂತ ಅಚ್ಚು. ಜೊತೆಗೆ ಸೀಲು ಹಾಕಿದ ಕಾಗದ. ನಲವತ್ತು ಬುಗುರಿಗೆ ಬಳಿದೆ, ಎಲ್ಲ ಮಾರಿಹೋಯಿತು. ಆಮೇಲೆ ಬೇರೆ ಯಾವುದೋ ಕಾರಣಕ್ಕೆ ಲ್ಯಾಬಿಗೆ ಒಂದು ಕೊಟ್ಟೆ. 640 ಪಿಪಿಎಂ ಬಂತು. ಎರಡು ದಿನ ಅನ್ನ ಸೇರಲಿಲ್ಲ.

ನನ್ನ ಹತ್ತಿರ ಒಂದು ಉದ್ದನೆ ಲೆಕ್ಕದ ಪುಸ್ತಕ ಇದೆ. ಯಾವ ಡಬ್ಬಿಯ ಬಣ್ಣ, ಯಾವ ದಿನ ಬಳಿದದ್ದು, ಯಾರಿಗೆ ಮಾರಿದ್ದು, ಫೋನ್ ನಂಬರು. ಅಪ್ಪ ಹಾಕಿಕೊಟ್ಟ ಅಭ್ಯಾಸ. ನಾನು ಅದನ್ನು ಎಷ್ಟು ಸಲ ಬೈದುಕೊಂಡಿದ್ದೆನೋ. ಅವತ್ತು ಅದನ್ನು ತೆಗೆದು ಕೂತು ನಲವತ್ತು ಮನೆಗೂ ಫೋನ್ ಮಾಡಿದೆ. ಮೂವತ್ತಾರು ವಾಪಸ್ ಬಂದವು. ಒಂದು ಕಳೆದುಹೋಗಿತ್ತು. ಒಬ್ಬರು ಅಜ್ಜಿ, ಕೊಡಲ್ಲ ಕಣಪ್ಪ, ಬೀರುವಿನ ಮೇಲೆ ಇಟ್ಟಿದ್ದೇನೆ, ಚೆನ್ನಾಗಿದೆ ಅಂದರು. ಇನ್ನಿಬ್ಬರು ಫೋನೇ ಎತ್ತಲಿಲ್ಲ. ಅವೆರಡು ಬುಗುರಿ ಈಗಲೂ ನನ್ನ ತಲೆಯಲ್ಲಿ ತಿರುಗುತ್ತವೆ.

ರಂಗುಡಬ್ಬಿ
ಬುಧವಾರ, ಬೆಳಿಗ್ಗೆ 8:40

ಉಳಿಬಾಚಿ ಅಣ್ಣ, ನಲವತ್ತಕ್ಕೆ ಮೂವತ್ತಾರು ಅಂದರೆ ಏನು ಅಂತ ಗೊತ್ತಾ? 2017ರಲ್ಲಿ ಸಿಪಿಎಸ್‌ಸಿಯವರು ರೀಕಾಲ್ ಬಗ್ಗೆ ಒಂದು ಕಾರ್ಯಾಗಾರ ಮಾಡಿದ್ದರು. ಅಂಗಡಿ, ಗೋದಾಮಿನಲ್ಲಿ ಇರುವಾಗಲೇ ಸಿಕ್ಕಿದ ಮಾಲು ಸುಲಭವಾಗಿ ವಾಪಸ್ ಬರುತ್ತದೆ. ಜನರ ಮನೆ ಸೇರಿದ್ದರಲ್ಲಿ ಸರಿಯಾಗೋದು ಸುಮಾರು 6% ಅಷ್ಟೇ ಅಂತ ಅವರದೇ ಲೆಕ್ಕ. ನಿಮ್ಮದು 90%. ಕಾರಣ ಆ ಪುಸ್ತಕ.

ರೀಕಾಲ್ ಅಂದರೆ ಕೂಗಿ ಕರೆಯೋದು. ಹೆಸರೇ ಇಲ್ಲದ್ದನ್ನು ಏನಂತ ಕರೆಯೋದು? ಬ್ರಾಂಡಿನ ಜೀಪಿಗೆ ಮಾದರಿ ನಂಬರ್, ತಯಾರಾದ ತಾರೀಕು ಇರುತ್ತದೆ. 2009ರಿಂದ ಅಮೆರಿಕದಲ್ಲಿ ಆಟಿಕೆಯ ಮೈಮೇಲೆ, ಪೊಟ್ಟಣದ ಮೇಲೆ ಎಲ್ಲಿ, ಯಾವಾಗ, ಯಾರು ಮಾಡಿದ್ದು ಅಂತ ಗುರುತು ಹಾಕಬೇಕು. ಚೀಲದಲ್ಲಿ ಇಪ್ಪತ್ತು ಅಂತ ಬರುವ ಚಿಲ್ಲರೆ ಸಾಮಾನಿಗೆ ಅದು ಯಾವುದೂ ಇರಲ್ಲ. ಕೊಳ್ಳುವಾಗ ನಾನು ನೋಡೋದು ಈ ಒಂದನ್ನೇ. ಸೀಸರಹಿತ ಅನ್ನುವ ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು. ಬ್ಯಾಚ್ ನಂಬರ್ ಇದೆಯಾ, ವಿಳಾಸ ಇದೆಯಾ? ತಪ್ಪಾದರೆ ಯಾರ ಬಾಗಿಲು ತಟ್ಟೋದು ಅಂತ ಗೊತ್ತಿರಬೇಕು.

ಸುಮ್ನೆಓದೋನು
ಬುಧವಾರ, ಬೆಳಿಗ್ಗೆ 10:15

ನಂಬರ್, ವಿಳಾಸ ಎಲ್ಲ ಇದ್ದರೂ ನುಸುಳೋ ದಾರಿ ಇದೆ ಅಂತ ನಿನ್ನೆ ರಾತ್ರಿ ಓದಿದೆ. ಹೌದು, ನಾನೂ ಓದೋಕೆ ಶುರು ಮಾಡಿದ್ದೇನೆ.

ಬೆರಳಲ್ಲಿ ತಿರುಗಿಸೋ ಸ್ಪಿನ್ನರ್ ನೆನಪಿದೆಯಾ, 2017ರಲ್ಲಿ ಎಲ್ಲ ಮಕ್ಕಳ ಕೈಯಲ್ಲೂ ಇತ್ತಲ್ಲ. ಅಮೆರಿಕದ ಒಂದು ಗ್ರಾಹಕ ಸಂಘ ದೊಡ್ಡ ಅಂಗಡಿ ಸರಣಿಯೊಂದರಿಂದ ಎರಡು ತಂದು ಪರೀಕ್ಷಿಸಿತು. ಹಿತ್ತಾಳೆಯದ್ದರಲ್ಲಿ 33,000 ಪಿಪಿಎಂ ಸೀಸ. ಮಕ್ಕಳ ವಸ್ತುವಿಗೆ ಇರುವ ಮಿತಿ 100. ಮೊದಲು ಬಂದ ಉತ್ತರ ಏನು ಗೊತ್ತಾ? ಇದು 14 ದಾಟಿದವರ ಸಾಮಾನು, ಆಟಿಕೆ ಅಲ್ಲ, ಮಿತಿ ಅನ್ವಯಿಸಲ್ಲ! ಆಮೇಲೆ ಸುದ್ದಿಯಾದ ಮೇಲೆ ಅಂಗಡಿಯವರು ಮಾರೋದು ನಿಲ್ಲಿಸಿದರು. ಸ್ಪಿನ್ನರ್ ಆಟಿಕೆ ಅಲ್ಲ ಅಂದರೆ ನಾನು ಮಹಾರಾಜ.

ರಂಗುಡಬ್ಬಿ
ಬುಧವಾರ, ಬೆಳಿಗ್ಗೆ 10:31

ಸ್ವಾಗತ ಸರ್. ಇನ್ನೊಂದು ಓದಿ. ಸೀಸಕ್ಕೆ ಬಿಗಿ ಮಾಡಿದ ಮೇಲೆ ಮಕ್ಕಳ ಒಡವೆಯಲ್ಲಿ ಕೆಲವರು ಕ್ಯಾಡ್ಮಿಯಂ ಹಾಕೋಕೆ ಶುರು ಮಾಡಿದರು. ಅದೂ ವಿಷವೇ. 2010ರ ಜೂನ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಕಾರ್ಟೂನ್ ಚಿತ್ರದ 1.2 ಕೋಟಿ ಗಾಜಿನ ಲೋಟ ವಾಪಸ್ ಕರೆದದ್ದು ಚಿತ್ರದ ಬಣ್ಣದಲ್ಲಿದ್ದ ಕ್ಯಾಡ್ಮಿಯಂಗೆ.

ತೊಟ್ಟಿಲಪಕ್ಕ
ಬುಧವಾರ, ರಾತ್ರಿ 8:50

ಇಡೀ ಎಳೆ ಓದಿ ನಮ್ಮನೆ ಬುಟ್ಟಿ ಅರ್ಧ ಖಾಲಿ ಮಾಡಿದೆ. ತೆಗೆದದ್ದನ್ನು ಪಕ್ಕದ ಮನೆಯ ಕೆಲಸದವರ ಮಕ್ಕಳಿಗೆ ಕೊಡೋಣ ಅಂತಿದ್ದೇನೆ, ಅವರು ದೊಡ್ಡವರು, ಕಚ್ಚಲ್ಲ.

ನಿರ್ವಾಹಕ
ಬುಧವಾರ, ರಾತ್ರಿ 8:58

ದಯವಿಟ್ಟು ಕೊಡಬೇಡಿ. ನಮ್ಮ ಮಕ್ಕಳಿಗೆ ಬೇಡವಾದದ್ದು ಅವರ ಮಕ್ಕಳಿಗೆ ಯಾಕೆ? ಆ ಮನೆಯಲ್ಲೂ ಚಿಕ್ಕ ಮಗು ಇರಬಹುದು. ಹಳೇ ಸಾಮಾನಿನ ಜಾಲತಾಣದಲ್ಲಿ ಮಾರಲೂ ಬೇಡಿ. ರೀಕಾಲ್ ಆದದ್ದನ್ನು ಮಾರೋದು ಅಮೆರಿಕದಲ್ಲಂತೂ ಅಪರಾಧ, ಬಳಸಿದ್ದಾದರೂ ಅಷ್ಟೇ. ಸುಡಬೇಡಿ, ಹೊಗೆಯಲ್ಲಿ ಸೀಸ ಇರುತ್ತದೆ. ಮುಚ್ಚಿದ ಚೀಲದಲ್ಲಿ ಹಾಕಿ, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಡಿ.

ತೊಟ್ಟಿಲಪಕ್ಕ
ಬುಧವಾರ, ರಾತ್ರಿ 9:04

ಛೆ, ಯೋಚನೆಯೇ ಮಾಡಿರಲಿಲ್ಲ. ತಪ್ಪಾಯಿತು. ಚೀಲ ಕಟ್ಟಿಟ್ಟೆ.

ನಿದ್ದೆಗೆಟ್ಟಮ್ಮ
ಹನ್ನೊಂದು ದಿನದ ನಂತರ, ರಾತ್ರಿ 10:20

ತಡವಾಯಿತು, ಕ್ಷಮಿಸಿ. ಎಲ್ಲ ಮುಗಿಸಿಯೇ ಬರೆಯೋಣ ಅಂತ ಇದ್ದೆ.

ಮೊದಲು ಒಳ್ಳೇ ಸುದ್ದಿ. ಚಿಕ್ಕವನ ನರದ ರಕ್ತದಲ್ಲಿ 2.2. ಕಬ್ಬಿಣ ಸ್ವಲ್ಪ ಕಡಿಮೆ ಇದೆ, ಅದಕ್ಕೆ ಹನಿ ಕೊಟ್ಟಿದ್ದಾರೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಸೂಜಿ ಚುಚ್ಚಿದಾಗ ಅವನು ಒಂದು ನಿಮಿಷ ಅತ್ತ. ನಾನು ಮನೆಗೆ ಬರೋವರೆಗೂ. ಎರಡುಮಕ್ಕಳಪ್ಪ ಸರ್, ಫೋಟೋ ತೋರಿಸಿದ್ದು ತುಂಬಾ ಕೆಲಸಕ್ಕೆ ಬಂತು.

ಕಪ್ಪೆಯನ್ನು ಲ್ಯಾಬಿಗೆ ಕೊಟ್ಟಿದ್ದೆ. ಹಸಿರಿನಲ್ಲಿ 70 ಪಿಪಿಎಂ. ಕೆಂಪಿನಲ್ಲಿ 1,150. ಹಳದಿ ಚುಕ್ಕೆಯಲ್ಲಿ 5,800. ರಂಗುಡಬ್ಬಿಯವರ ಕಿವಿಗೆ ನಮಸ್ಕಾರ. ಬುಗುರಿ, ಉಂಗುರ ಎರಡೂ ಪಾಸು.

ಆದರೆ ಕೇಳಿ. ಪಟ್ಟಿಯ ಫೋಟೋ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅದು ನಮ್ಮ ಕಪ್ಪೆ ಅಲ್ಲವೇ ಅಲ್ಲ. ಅದರ ಕೀ ಬಲಗಡೆ ಇದೆ, ನಮ್ಮದು ಎಡಗಡೆ. ಅದರ ಬೆನ್ನ ಮೇಲೆ ಚುಕ್ಕೆ ಇಲ್ಲ, ಗೆರೆ ಇದೆ. ಒಇಸಿಡಿಯವರ ಜಾಗತಿಕ ರೀಕಾಲ್ ತಾಣ, ಯುರೋಪಿನ ಸೇಫ್ಟಿ ಗೇಟ್, ಅಮೆರಿಕದ ಪಟ್ಟಿ, ಮೂರು ರಾತ್ರಿ ಕೂತು ಹುಡುಕಿದೆ. ನಮ್ಮ ಕಪ್ಪೆ ಯಾವ ಪಟ್ಟಿಯಲ್ಲೂ ಇಲ್ಲ. ಯಾವುದೋ ಬೇರೆ ಕಪ್ಪೆಯ ಫೋಟೋ ನೋಡಿ, ಅದೇ ಅಂತ ತಪ್ಪು ತಿಳಿದು, ಸಿಕ್ಕಿಬಿದ್ದದ್ದು ಇದು.

ಮಾರಿದ ಜಾಲತಾಣಕ್ಕೆ ವರದಿ ಕಳಿಸಿದೆ. ಆ ಅಂಗಡಿ ಈಗ ಇಲ್ಲ ಅಂತ ಉತ್ತರ ಬಂತು. ನಿನ್ನೆ ನೋಡಿದರೆ ಅದೇ ಚೀಲ, ಅದೇ ಫೋಟೋ, ಇನ್ನೊಂದು ಅಂಗಡಿಯ ಹೆಸರಲ್ಲಿ. ಮತ್ತೆ ಬರೆದೆ. ಗ್ರಾಹಕ ಸುರಕ್ಷತೆಯ ಇಲಾಖೆಗೂ ವರದಿ ಹಾಕಿದ್ದೇನೆ. ಸ್ವೀಕರಿಸಿದ್ದೇವೆ ಅಂತ ಒಂದು ನಂಬರ್ ಬಂದಿದೆ. ಕಪ್ಪೆಗೆ ಕೊನೆಗೂ ಒಂದು ನಂಬರ್ ಸಿಕ್ಕಿತು ನೋಡಿ.

ರಂಗುಡಬ್ಬಿ
ಅದೇ ದಿನ, ರಾತ್ರಿ 10:48

2.2 ಓದಿ ಕಣ್ಣು ಒದ್ದೆಯಾಯಿತು ಅಕ್ಕ. ಮೂರು ತಿಂಗಳ ಪರೀಕ್ಷೆ ಮಾತ್ರ ಮರೆಯಬೇಡಿ.

ಒಂದು ಕೆಲಸ ಮಾಡಿ. ಕಪ್ಪೆಯ ಮೂರು ಫೋಟೋ ಇಲ್ಲೇ ಹಾಕಿ. ಬೆನ್ನು, ಹೊಟ್ಟೆ, ಕೀ ಇರುವ ಪಕ್ಕ. ಚೀಲದೊಳಗೆ ಇಟ್ಟೇ ತೆಗೆಯಿರಿ, ಜೊತೆಗೆ ಒಂದು ಅಳತೆಪಟ್ಟಿ ಇಡಿ. ಲ್ಯಾಬಿನ ಹಾಳೆಯನ್ನೂ ಹಾಕಿ, ಮಗುವಿನ ಹೆಸರು ಮುಚ್ಚಿ.

ನಿದ್ದೆಗೆಟ್ಟಮ್ಮ
ಅದೇ ದಿನ, ರಾತ್ರಿ 11:15

ಹಾಕಿದೆ. ಮೂಗಿಂದ ಬಾಲದ ತನಕ 7 ಸೆಂಟಿಮೀಟರ್. ಹೊಟ್ಟೆಯ ಕೆಳಗೆ ಎರಡು ತಗಡಿನ ಕಿವಿ ಮಡಚಿದ್ದಾರೆ, ಒಂದು ಸ್ವಲ್ಪ ಸೊಟ್ಟ.

ಕಿಟಕಿಪಕ್ಕ
ಮರುದಿನ, ಬೆಳಿಗ್ಗೆ 5:50

ನಾನು ಇಲ್ಲಿ ಹೊಸಬಳು. ಈ ಫೋಟೋ ನೋಡಿ ಖಾತೆ ತೆರೆದೆ. ನಮ್ಮದು ನೀಲಿ ಕಪ್ಪೆ. ಕೀ ಎಡಗಡೆ. ಬೆನ್ನ ಮೇಲೆ ಮೂರು ಹಳದಿ ಚುಕ್ಕೆ. ಅಳೆದೆ, 7 ಸೆಂಟಿಮೀಟರ್. ಈಗಷ್ಟೇ ಮಗನ ದಿಂಬಿನ ಕೆಳಗಿಂದ ತೆಗೆದು ಚೀಲಕ್ಕೆ ಹಾಕಿದೆ, ಅವನಿನ್ನೂ ಎದ್ದಿಲ್ಲ. ಆ ವರದಿ ನಂಬರ್ ಕೊಡುತ್ತೀರಾ ಅಕ್ಕ? ನನ್ನದನ್ನೂ ಅದರ ಜೊತೆಗೇ ಸೇರಿಸುತ್ತೇನೆ.